ತಲೆಕೆಳಗಾಗುವ ಮುನ್ನ ತೋಳು ಚಾಚಿ

"ಡಾಕ್ಟ್ರೇ, ಬೇಸಿಗೆ ರಜಕ್ಕೆ ಮೊಮ್ಮಗ ಬರ್ತಿದಾನೆ. ಬಿಡದಿ ಹತ್ರ ಆ ರೋಲರ್ ಕೋಸ್ಟರ್ ಇದೆಯಲ್ಲ, ಅದಕ್ಕೆ ತಾತನೂ ಹತ್ತಬೇಕು ಅಂತ ಹಟ. ಹತ್ತಬಹುದಾ?"

ಕೇಳಿದವರು ಅರವತ್ತೆರಡು ವರ್ಷದ ನಿವೃತ್ತ ಮೇಷ್ಟ್ರು. ಕೆಮ್ಮಿಗೆ ಔಷಧಿ ಬರೆಸಿಕೊಳ್ಳಲು ಮಂಡ್ಯದ ನನ್ನ ಕ್ಲಿನಿಕ್ಕಿಗೆ ಬಂದಿದ್ದರು. ಹೊರಗೆ ಇನ್ನೂ ಹದಿನೈದು ಜನ ಕಾದಿದ್ದರು. ನಾನು ಚೀಟಿಯಿಂದ ತಲೆ ಎತ್ತದೆ, "ಬೇಡ ಮೇಷ್ಟ್ರೇ, ಈ ವಯಸ್ಸಿನಲ್ಲಿ ಅದೆಲ್ಲ ಯಾಕೆ?" ಎಂದೆ. ಅವರು ಚೀಟಿ ಮಡಿಸಿ ಜೇಬಿಗಿಟ್ಟುಕೊಂಡು ಬಾಗಿಲ ತನಕ ಹೋದವರು ತಿರುಗಿ ನಿಂತರು. "ಕೆಮ್ಮಿಗಾದ್ರೆ ಎದೆಗೆ ಕೊಳವೆ ಇಟ್ಟು ನೋಡಿದ್ರಿ. ಇದಕ್ಕೆ ನೋಡದೇನೇ ಹೇಳಿಬಿಟ್ರಲ್ಲ" ಎಂದು ನಕ್ಕು ಹೊರಟುಹೋದರು.

ಆ ನಗು ನನ್ನನ್ನು ಚುಚ್ಚಿತು. ನಮ್ಮ ವೃತ್ತಿಯಲ್ಲಿ ಅತ್ಯಂತ ಅಗ್ಗದ ಔಷಧಿಯೆಂದರೆ 'ಬೇಡ' ಎಂಬ ಮಾತು. ತುಪ್ಪ ಬೇಡ, ಬೆಟ್ಟ ಹತ್ತುವುದು ಬೇಡ, ಜಾತ್ರೆಗೆ ಹೋಗುವುದು ಬೇಡ. ಹೇಳುವ ವೈದ್ಯನಿಗೆ ಇದರಿಂದ ಯಾವ ಅಪಾಯವೂ ಇಲ್ಲ. ಕೇಳಿದ ವೃದ್ಧರ ಬದುಕಿನಿಂದ ಮಾತ್ರ ಒಂದೊಂದೇ ಸಂತೋಷ ಕಳಚಿಕೊಳ್ಳುತ್ತದೆ. ನಿಜ ಹೇಳಬೇಕೆಂದರೆ, ನಾನು ಅದುವರೆಗೆ ಜಾತ್ರೆಯ ತಿರುಗುವ ತೊಟ್ಟಿಲಿಗಿಂತ ಹೆಚ್ಚಿನ ಯಾವುದನ್ನೂ ಹತ್ತಿರಲಿಲ್ಲ. ಗೊತ್ತಿಲ್ಲದ ಔಷಧಿಯನ್ನು ಬರೆಯುವುದೂ ತಪ್ಪು, ಗೊತ್ತಿಲ್ಲದ್ದನ್ನು ನಿಷೇಧಿಸುವುದೂ ತಪ್ಪು. ಒಂದು ಬುಧವಾರ ಕ್ಲಿನಿಕ್ಕಿಗೆ ಬೀಗ ಹಾಕಿ ಒಬ್ಬನೇ ಹೋಗಿ ಬರುವುದೆಂದು ನಿಶ್ಚಯಿಸಿದೆ.

ಹೋಗುವ ಮುಂಚಿನ ವಾರ ಸುಮ್ಮನೆ ಕುತೂಹಲಕ್ಕೆಂದು ನನ್ನ ತೋಳಿಗೇ ಪಟ್ಟಿ ಸುತ್ತಿಕೊಂಡು ರಕ್ತದೊತ್ತಡ ನೋಡಿಕೊಂಡೆ. 148/94! ದಿನಕ್ಕೆ ಮೂವತ್ತು ಜನರ ತೋಳಿಗೆ ಪಟ್ಟಿ ಸುತ್ತುವ ನಾನು ನನ್ನದನ್ನು ನೋಡಿಕೊಂಡು ಮೂರು ವರ್ಷ ದಾಟಿತ್ತು. ನನಗೀಗ 47. ನಮ್ಮ ತಂದೆ 56ನೇ ವಯಸ್ಸಿನಲ್ಲಿ, ಹಾಲಿನ ಡೈರಿಗೆ ಹೋದವರು ಅಲ್ಲೇ ಎದೆ ಹಿಡಿದುಕೊಂಡು ಕುಸಿದಿದ್ದರು. ಅವರಿಗೂ ಒತ್ತಡ ಇದ್ದಿತೋ ಏನೋ, ನೋಡಿದವರು ಯಾರೂ ಇರಲಿಲ್ಲ. ಒಂದು ಸಲ ಹೆಚ್ಚು ಬಂದ ಮಾತ್ರಕ್ಕೆ ರೋಗವೆಂದು ತೀರ್ಮಾನಿಸಬಾರದು ಎಂದು ಎಲ್ಲರಿಗೂ ಹೇಳುವ ಮಾತನ್ನು ನನಗೆ ನಾನೇ ಹೇಳಿಕೊಂಡೆ. ಆದರೂ ಅಂದು ರಾತ್ರಿ ನಿದ್ದೆ ಬರಲಿಲ್ಲ. ಏಳು ದಿನ ಬೆಳಿಗ್ಗೆ ಸಂಜೆ ಐದು ನಿಮಿಷ ಸುಮ್ಮನೆ ಕುಳಿತು ಅಳೆದೆ. ಹೆಚ್ಚುಕಡಿಮೆ 136/86ರ ಆಸುಪಾಸಿನಲ್ಲಿ ನಿಂತಿತು. ಮೈಸೂರಿನಲ್ಲಿ ಹೃದ್ರೋಗ ತಜ್ಞನಾಗಿರುವ ಸಹಪಾಠಿಯೊಬ್ಬ ಇಸಿಜಿ ತೆಗೆದು, ಟ್ರೆಡ್‌ಮಿಲ್ ಮೇಲೆ ಓಡಿಸಿ, "ಉಪ್ಪಿನಕಾಯಿ ಬಿಡು, ಬೆಳಿಗ್ಗೆ ನಡಿ. ಹೋಗಿ ಬಾ, ಏನೂ ಆಗಲ್ಲ" ಎಂದ. ಆಮೇಲೆಯೇ ಬಸ್ಸು ಹತ್ತಿದ್ದು.

ಉದ್ಯಾನದ ಹೆಸರು ಬರೆದರೆ ಜಾಹೀರಾತಾದೀತು, ಬಿಡಿ. ಟಿಕೆಟ್ ಕೊಡುವ ಹುಡುಗಿ "ಎಷ್ಟು ಜನ ಸಾರ್?" ಎಂದಳು. "ಒಬ್ಬನೇ." ನನ್ನ ಹಿಂದೆ ಯಾರಾದರೂ ಇರಬಹುದೇನೋ ಎಂದು ಒಮ್ಮೆ ಇಣುಕಿ ನೋಡಿದಳು. ನಲವತ್ತು ದಾಟಿದ ಗಂಡಸು ಒಬ್ಬನೇ ದೇವಸ್ಥಾನಕ್ಕೆ ಹೋದರೆ ಭಕ್ತ, ಒಬ್ಬನೇ ಆಟದ ಜಾಗಕ್ಕೆ ಹೋದರೆ ಏನೋ ಎಡವಟ್ಟು! ಆದರೆ ಒಂಟಿಯಾಗಿ ಹೋಗಿದ್ದರಿಂದಲೇ ಅಂದು ನಾನು ಒಂದು ಸಂಗತಿಯನ್ನು ಕಂಡೆ. ಅದನ್ನು ಮುಂದೆ ಹೇಳುತ್ತೇನೆ.

ರೋಲರ್ ಕೋಸ್ಟರಿನ ಕೆಳಗೆ ನಿಂತು ಮೊದಲು ಮೂರು ಸಲ ಅದು ಓಡುವುದನ್ನು ನೋಡಿದೆ. ಬಂಡಿಯನ್ನು ಹಿಮ್ಮುಖವಾಗಿ ಎತ್ತರಕ್ಕೆ ಎಳೆದುಕೊಂಡು ಹೋಗಿ ಬಿಟ್ಟುಬಿಡುತ್ತಾರೆ. ಅದು ಕೆಳಗೆ ನುಗ್ಗಿ, ಸುತ್ತುಗಳಲ್ಲಿ ತಲೆಕೆಳಗಾಗಿ, ಇನ್ನೊಂದು ತುದಿಯ ಎತ್ತರ ಏರಿ, ಮತ್ತೆ ಅದೇ ದಾರಿಯಲ್ಲಿ ಬೆನ್ನು ಮುಂದಾಗಿ ವಾಪಸು ಬರುತ್ತದೆ. ಕನ್ನಡಕ ಬಿಚ್ಚಿಟ್ಟು ಹತ್ತಿದೆ. ಪಕ್ಕದಲ್ಲಿ ಇಂಜಿನಿಯರಿಂಗ್ ಓದುವ ಹುಡುಗ. "ಅಂಕಲ್, ತಲೇನ ಹಿಂದಕ್ಕೆ ಒರಗಿಸಿಕೊಳ್ಳಿ, ಮುಂದೆ ಬಗ್ಗಿಸಬೇಡಿ" ಎಂದ. ನಾನು ಹೇಳಬೇಕಾದ ವೈದ್ಯಕೀಯ ಸಲಹೆಯನ್ನು ಅವನೇ ಹೇಳಿದ್ದ. ನಮ್ಮ ತಲೆ ನಾಲ್ಕೂವರೆ ಐದು ಕಿಲೋ ತೂಗುತ್ತದೆ. ಬಂಡಿ ಇಳಿಜಾರಿನ ತಳದಲ್ಲಿ ಮೇಲಕ್ಕೆ ತಿರುಗುವಾಗ ಗುರುತ್ವದ ಮೂರು ನಾಲ್ಕು ಪಟ್ಟು ಬಲ ಬೀಳುವುದುಂಟು. ಅಂದರೆ ಆ ಒಂದೆರಡು ಕ್ಷಣ ಕುತ್ತಿಗೆಯ ಏಳು ಕಶೇರುಗಳ ಮೇಲೆ ಹದಿನೈದು ಇಪ್ಪತ್ತು ಕಿಲೋ ಮೂಟೆ ಹೊರಿಸಿದಂತೆ. ಬಿಗಿಯಾಗಿ ಒರಗಿದ ಕುತ್ತಿಗೆ ಇದನ್ನು ತಾಳಿಕೊಳ್ಳುತ್ತದೆ. ಫೋನಿನಲ್ಲಿ ಚಿತ್ರ ತೆಗೆಯಲು ಬಗ್ಗಿದ ಕುತ್ತಿಗೆ ತಾಳದು.

ಇಂಥ ಸುತ್ತುಗಳಿಗೂ ಒಂದು ಚರಿತ್ರೆಯಿದೆ. ಅಮೆರಿಕದ ಕೋನಿ ಐಲೆಂಡಿನಲ್ಲಿ 1884ರಲ್ಲಿ ಥಾಮ್ಸನ್ ಎಂಬಾತ ನಡೆಸಿದ ಮೊದಲ ಬಂಡಿ ಗಂಟೆಗೆ ಹತ್ತು ಕಿಲೋಮೀಟರಿನಷ್ಟು ಮಾತ್ರ ಓಡುತ್ತಿತ್ತು, ನಮ್ಮ ಸೈಕಲ್ಲಿಗಿಂತ ನಿಧಾನ. ಅಲ್ಲಿಯೇ 1895ರಲ್ಲಿ 'ಫ್ಲಿಪ್ ಫ್ಲ್ಯಾಪ್' ಎಂಬ ತಲೆಕೆಳಗಿನ ಬಂಡಿ ಬಂತು. ಅದರ ಸುತ್ತು ಬಳೆಯಂತೆ ಪೂರ್ತಿ ದುಂಡಗಿದ್ದುದರಿಂದ ಒಳನುಗ್ಗಿದ ಕ್ಷಣವೇ ಬಲವೆಲ್ಲ ಒಮ್ಮೆಲೇ ಬಿದ್ದು ಹತ್ತಿದವರ ಕುತ್ತಿಗೆ, ಬೆನ್ನು ನೋಯುತ್ತಿದ್ದವು. ಕ್ಯಾಲಿಫೋರ್ನಿಯಾದಲ್ಲಿ 1976ರಲ್ಲಿ ತೆರೆದ 'ರೆವಲ್ಯೂಷನ್'ಗಾಗಿ ಜರ್ಮನ್ ಇಂಜಿನಿಯರ್ ವೆರ್ನರ್ ಸ್ಟೆಂಗೆಲ್ ಸುತ್ತಿನ ಆಕಾರವನ್ನೇ ಬದಲಿಸಿದರು. ತಲೆಕೆಳಗು ಮಾಡಿದ ನೀರಹನಿಯಂತೆ, ತುದಿಯಲ್ಲಿ ಕಿರಿದು, ತಳದಲ್ಲಿ ಹರವು. ಬಲ ಮೆಲ್ಲಗೆ ಏರಿ ಮೆಲ್ಲಗೆ ಇಳಿಯುತ್ತದೆ. ಇಂದು ನಾವು ತಲೆಕೆಳಗಾಗಿ ನಗುತ್ತ ಇಳಿದು ಬರುವುದು ಈ ಲೆಕ್ಕಾಚಾರದಿಂದ.

ನಗುತ್ತ ಬಂದೆನೇ ನಾನು? ಮೊದಲ ಸಲ ಇಲ್ಲ. ಬಿದ್ದ ಕ್ಷಣ ಹೊಟ್ಟೆಯೊಳಗಿನ ಅಂಗಗಳೆಲ್ಲ ತೇಲಿದಂತಾಗಿ "ಅವ್ವಾ" ಎಂದು ಕೂಗಿದ್ದು ನನಗೇ ಕೇಳಿಸಿತು. ಇಳಿದಾಗ ನಾಡಿ 140. ಮೊಣಕಾಲಲ್ಲಿ ನಡುಕ, ಬಾಯಿ ಒಣಗಿತ್ತು. ಅದರ ಹಿಂದೆಯೇ, ಕಾರಣವಿಲ್ಲದೆ, ಜೋರು ನಗು. ತಂದೆ ತೀರಿಕೊಂಡ ವಯಸ್ಸಿಗೆ ಇನ್ನು ಒಂಬತ್ತೇ ವರ್ಷ ಎಂಬ ಲೆಕ್ಕ ಕೆಲವು ದಿನಗಳಿಂದ ತಲೆಯಲ್ಲಿ ಕೂತಿತ್ತು. ಆ ನಗುವಿನಲ್ಲಿ ಅದು ಸ್ವಲ್ಪ ಹೊತ್ತು ಎಲ್ಲೋ ಉದುರಿಹೋಗಿತ್ತು. ಮತ್ತೆ ಸಾಲಿನಲ್ಲಿ ನಿಂತೆ.

ಜರ್ಮನಿಯ ಮ್ಯಾನ್‌ಹೈಮ್‌ನ ವೈದ್ಯರು ಆರೋಗ್ಯವಂತರಾದ 55 ಜನರ ಎದೆಗೆ ಇಸಿಜಿ ಯಂತ್ರ ಕಟ್ಟಿ ರೋಲರ್ ಕೋಸ್ಟರ್ ಹತ್ತಿಸಿ, 2005ರಲ್ಲಿ ಅದರ ವಿವರ ಮಂಡಿಸಿದರು. ಸರಾಸರಿ ನಿಮಿಷಕ್ಕೆ 91 ಇದ್ದ ಹೃದಯ ಬಡಿತ 153ಕ್ಕೆ ಏರಿತ್ತು. ಓಡುವವನ ಹೃದಯವೂ ಅಷ್ಟೇ ಬಡಿದೀತು. ಆದರೆ ಓಡುವಾಗ ಬಡಿತ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಇಲ್ಲಿ ಅಡ್ರಿನಲಿನ್ ಹರಿದು, ಕುಳಿತಲ್ಲೇ, ಒಂದು ನಿಮಿಷದೊಳಗೆ ಏರಿಬಿಡುತ್ತದೆ. ಹೃದಯದ ರಕ್ತನಾಳಗಳು ತೆರೆದಿರುವವರಿಗೆ ಇದೊಂದು ಆಟ. ಕಟ್ಟಿಕೊಂಡಿರುವವರಿಗೆ, ಒತ್ತಡ ಹತೋಟಿಯಲ್ಲಿ ಇಲ್ಲದವರಿಗೆ ಆಟವಲ್ಲ.

ಸಾಲಿನ ಆರಂಭದಲ್ಲಿ ಫಲಕವಿತ್ತು. ಹೃದ್ರೋಗಿಗಳು, ಅಧಿಕ ರಕ್ತದೊತ್ತಡವುಳ್ಳವರು, ಗರ್ಭಿಣಿಯರು, ಬೆನ್ನು ಕುತ್ತಿಗೆ ನೋವಿನವರು ಹತ್ತಬಾರದೆಂಬ ಅರ್ಥದ ಮಾಮೂಲು ಮಾತು. ಫಲಕದಲ್ಲಿ ಒಂದಕ್ಷರ ತಪ್ಪಿಲ್ಲ. ಆದರೆ ಓದುವವರಿಗೆ ತಮ್ಮ ಮೈಯ ಸಮಾಚಾರ ಗೊತ್ತಿರಬೇಕಲ್ಲ? ಅಧಿಕ ರಕ್ತದೊತ್ತಡ ಇರುವ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧ ಮಂದಿಗೆ ಅದು ಇರುವುದೇ ಗೊತ್ತಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಎರಡು ವಾರದ ಹಿಂದೆ ಬಂದಿದ್ದರೆ ನಾನೂ ಆ ಫಲಕವನ್ನು ಓದಿ, "ನನಗಲ್ಲ" ಎಂದುಕೊಂಡು ಮುಂದೆ ಹೋಗುತ್ತಿದ್ದೆ.

ಒಂಟಿಯಾಗಿದ್ದುದರಿಂದ ಕಂಡ ಸಂಗತಿ ಈಗ ಹೇಳುತ್ತೇನೆ. ನನ್ನ ಮುಂದೆ ಒಂದು ಸಂಸಾರ ನಿಂತಿತ್ತು. ಐವತ್ತರ ಯಜಮಾನರು, ಅವರ ಹೆಂಡತಿ, ಕಾಲೇಜಿಗೆ ಹೋಗುವ ಇಬ್ಬರು ಮಕ್ಕಳು. ಹೆಂಡತಿ ಮೆಲ್ಲಗೆ, "ರೀ, ಬೆಳಿಗ್ಗೆ ಬಿಪಿ ಮಾತ್ರೆ ತಗೊಂಡಿಲ್ಲ ನೀವು" ಎಂದರು. ಅಷ್ಟರಲ್ಲಿ ಮಗ, "ಯಾಕಪ್ಪಾ, ಹೆದರಿಕೇನಾ?" ಎಂದು ನಕ್ಕ. ಅಷ್ಟೇ, ಆ ಮನುಷ್ಯ ಮಾತ್ರೆ, ಫಲಕ ಎರಡನ್ನೂ ಬಿಟ್ಟು ಎದೆ ಸೆಟೆಸಿ ಬಂಡಿ ಹತ್ತಿದರು. ಇಳಿದಾಗ ಮುಖ ಬಿಳುಚಿತ್ತು. ಬೆಂಚಿನ ಮೇಲೆ ಕೂರಿಸಿ, ನಾನು ಡಾಕ್ಟರೆಂದು ಹೇಳಿ ಮಣಿಕಟ್ಟು ಹಿಡಿದೆ. ಬಡಿತ 130, ಸದ್ಯ ಲಯ ತಪ್ಪಿರಲಿಲ್ಲ. ಎದೆನೋವಿರಲಿಲ್ಲ. ಕಾಲು ಗಂಟೆಯಲ್ಲಿ ಸುಧಾರಿಸಿಕೊಂಡರು. ಏನೂ ಆಗಲಿಲ್ಲ ನಿಜ. ಆದರೆ ಒಬ್ಬನೇ ಬಂದ ನಾನು ಯಾವ ಕ್ಷಣದಲ್ಲಾದರೂ ಸಾಲು ಬಿಟ್ಟು ಹೋಗಬಹುದಿತ್ತು, ಕೇಳುವವರಿಲ್ಲ. ಮನೆಮಂದಿಯ ನಡುವೆ ನಿಂತ ಗಂಡಸಿಗೆ ಆ ಸ್ವಾತಂತ್ರ್ಯವಿಲ್ಲ. ಮಕ್ಕಳೇ, ಅಪ್ಪನನ್ನು ಯಾವುದಕ್ಕಾದರೂ ಛೇಡಿಸಿ, ಬಂಡಿಯ ಬಾಗಿಲಲ್ಲಿ ಮಾತ್ರ ಛೇಡಿಸಬೇಡಿ. ಸ್ವಲ್ಪ ದೂರದಲ್ಲಿ ಇನ್ನೊಬ್ಬ ತಾಯಿ ಎತ್ತರ ಅಳೆಯುವ ಕಂಬದ ಹತ್ತಿರ ಮಗನಿಗೆ "ಬೆರಳ ಮೇಲೆ ನಿಂತ್ಕೊ" ಎಂದು ಹೇಳಿಕೊಡುತ್ತಿದ್ದರು. ಎತ್ತರದ ಗೆರೆ ಅವಮಾನವಲ್ಲ ತಾಯೀ, ಸೀಟಿನ ಅಡ್ಡಪಟ್ಟಿ ಮಗುವಿನ ಮೈಗೆ ಸರಿಯಾಗಿ ಕೂರಬೇಕಲ್ಲವೇ?

ಮಧ್ಯಾಹ್ನ ತಪ್ಪು ನನ್ನದಾಯಿತು. ಎರಡು ಸಲ ಹತ್ತಿದ ಉತ್ಸಾಹದಲ್ಲಿ ಬಿಸಿಬೇಳೆಬಾತ್ ಗಟ್ಟಿಯಾಗಿ ಹೊಡೆದು ಅರ್ಧ ಗಂಟೆಯೊಳಗೆ ಗಿರಗಿರನೆ ತಿರುಗುವ ಇನ್ನೊಂದರ ಮೇಲೆ ಕುಳಿತೆ. ಚಾರ್ಮಾಡಿ ಘಾಟಿಯ ಕೆಂಪು ಬಸ್ಸಿನಲ್ಲಿ ನಿಂಬೆಹಣ್ಣು ಮೂಸುತ್ತ ಕೂತವರಿಗೆ ಮುಂದಿನದು ಗೊತ್ತು. ಒಳಕಿವಿಯ ಮೂರು ಅರೆವರ್ತುಲ ನಾಳಗಳಲ್ಲಿ ದ್ರವವಿದೆ. ತಲೆ ತಿರುಗಿದಾಗ ಅದು ಅಲುಗಿ ಮೆದುಳಿಗೆ ಸುದ್ದಿ ಕೊಡುತ್ತದೆ. ಕಿವಿ ಒಂದು ಸುದ್ದಿ, ಕಣ್ಣು ಇನ್ನೊಂದು ಸುದ್ದಿ ಕೊಟ್ಟಾಗ ಮೆದುಳು ಗಲಿಬಿಲಿಗೊಂಡು ವಾಂತಿ ಬರಿಸುತ್ತದೆ. ತಿರುವು ಯಾವ ಕಡೆಗೆಂದು ಮೊದಲೇ ಬಲ್ಲ ಡ್ರೈವರ್ ಸಾಮಾನ್ಯವಾಗಿ ವಾಂತಿ ಮಾಡಿಕೊಳ್ಳದಿರುವುದು ಇದಕ್ಕೇ. ನೆರಳಲ್ಲಿ ಕೂತು ದೂರದ ಮರವೊಂದನ್ನೇ ದಿಟ್ಟಿಸಿದೆ, ಗುಟುಕು ಗುಟುಕಾಗಿ ನೀರು ಕುಡಿದೆ, ಸರಿಹೋಯಿತು. ಪ್ರೊಮೆಥಜಿನ್ ಮಾತ್ರೆ ಕೆಲಸ ಮಾಡುತ್ತದೆ, ಆದರೆ ಒಂದೆರಡು ಗಂಟೆ ಮೊದಲೇ ನುಂಗಬೇಕು. ತೂಕಡಿಕೆಯೂ ಬರುವುದರಿಂದ ನುಂಗಿದವರು ವಾಹನ ಓಡಿಸಬಾರದು. ಹಾಗೆಂದು ಹೊಟ್ಟೆ ಖಾಲಿ ಬಿಡುವುದೂ ತಪ್ಪು. ಅದರಲ್ಲೂ ಇನ್ಸುಲಿನ್ ತೆಗೆದುಕೊಳ್ಳುವ ಸಕ್ಕರೆ ಕಾಯಿಲೆಯವರಲ್ಲಿ ಸಕ್ಕರೆ ಇಳಿದಾಗಲೂ ಬೆವರು, ನಡುಕ, ಎದೆಬಡಿತ. ಬಂಡಿ ಇಳಿದವನಿಗೂ ಅದೇ ಬೆವರು, ಅದೇ ನಡುಕ, ಅದೇ ಎದೆಬಡಿತ. ಆಟದ ರೋಮಾಂಚನವೆಂದು ತಿಳಿದು ನಿಜವಾದ ಅಪಾಯವನ್ನು ಕಡೆಗಣಿಸುವುದು ಸುಲಭ. ಜೇಬಿನಲ್ಲಿ ಸಕ್ಕರೆಯಿರಲಿ.

ಒಂದು ತಮಾಷೆಯ ವಿಷಯವೂ ಇದೆ. ಫ್ಲಾರಿಡಾದ ಡಿಸ್ನಿ ಉದ್ಯಾನದ ರೋಲರ್ ಕೋಸ್ಟರ್ ಒಂದನ್ನು ಹತ್ತಿ ಬಂದ ಮೇಲೆ ಮೂತ್ರಪಿಂಡದ ಕಲ್ಲು ಬಿತ್ತೆಂದು ರೋಗಿಗಳು ಹೇಳಿದ್ದನ್ನು ಕೇಳಿ, ಮಿಷಿಗನ್‌ನ ಡಾ. ವಾರ್ಟಿಂಗರ್ ಎಂಬವರು ಕೃತಕ ಮೂತ್ರಪಿಂಡದೊಳಗೆ ಕಲ್ಲುಗಳನ್ನಿಟ್ಟು, ಚೀಲದಲ್ಲಿ ಹೊತ್ತು ಅದೇ ಬಂಡಿಯಲ್ಲಿ ಮತ್ತೆ ಮತ್ತೆ ಸುತ್ತಿದರು. ಹಿಂದಿನ ಸೀಟಿನಲ್ಲಿ ಕಲ್ಲು ಜಾರಿದ್ದು ಸುಮಾರು ಶೇ. 64, ಮುಂದಿನ ಸೀಟಿನಲ್ಲಿ ಶೇ. 17. 2016ರಲ್ಲಿ ಪ್ರಕಟವಾದ ಈ ಪ್ರಯೋಗಕ್ಕೆ 2018ರಲ್ಲಿ 'ಇಗ್ ನೊಬೆಲ್' ಎಂಬ ನಗೆಯ ಬಹುಮಾನವೂ ಬಂತು. ಕಲ್ಲಿಗೆಂದು ಬಾಳೆದಿಂಡಿನ ಪಲ್ಯ ತಿನ್ನುವವರು ನಾಳೆಯೇ ಟಿಕೆಟ್ ಕೊಳ್ಳುವುದು ಬೇಡ. ಅದು ಮಾದರಿ ಅಂಗ, ಸಣ್ಣ ಕಲ್ಲು. ನಿಮ್ಮದು ಎಷ್ಟು ದೊಡ್ಡದೋ ಸ್ಕ್ಯಾನ್ ಮಾಡಿಸದೆ ಹೇಳಲಾಗದು.

ಹಿಂತಿರುಗಿದ ಮರುದಿನ ಮೇಷ್ಟರಿಗೆ ಹೇಳಿಕಳಿಸಿದೆ. ಈ ಸಲ ಸರಿಯಾಗಿ ಪರೀಕ್ಷಿಸಿದೆ. ರಕ್ತದೊತ್ತಡ, ಇಸಿಜಿ, ಸಕ್ಕರೆ ಎಲ್ಲವೂ ನನ್ನದಕ್ಕಿಂತ ಚೆನ್ನಾಗಿತ್ತು! ಆದರೆ ಕುತ್ತಿಗೆ ತಿರುಗಿಸಿದಾಗ ಬಲಗೈ ಹೆಬ್ಬೆರಳಿಗೆ ಜೋಮು ಹಿಡಿಯುತ್ತದೆಂದರು. ಎರಡು ವರ್ಷದಿಂದ ಹಾಗೆಯೇ, ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಎಕ್ಸ್‌ರೇಯಲ್ಲಿ ಕಶೇರುಗಳ ಸವೆತ ಕಂಡಿತು. "ತಲೆಕೆಳಗಾಗುವುದು ಬೇಡ ಮೇಷ್ಟ್ರೇ. ಈ ಕುತ್ತಿಗೆಗೆ ಆ ಜಗ್ಗಾಟ ಆಗದು" ಎಂದು ಎಕ್ಸ್‌ರೇ ಹಿಡಿದು ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, "ಈ 'ಬೇಡ'ಕ್ಕೆ ಕಾರಣ ಇದೆ, ಒಪ್ಪಿದೆ. ಆ ದೊಡ್ಡ ಚಕ್ರ?" ಎಂದರು. "ಧಾರಾಳವಾಗಿ ಹತ್ತಿ."

ಮೇ ತಿಂಗಳ ಕೊನೆಗೆ ಮೇಷ್ಟ್ರು ಫೋನ್ ಮಾಡಿದ್ದರು. ರೋಲರ್ ಕೋಸ್ಟರಿಗೆ ಮೊಮ್ಮಗನನ್ನು ಕಳಿಸಿ ಕೆಳಗೆ ಚಪ್ಪಲಿ ಕಾದರಂತೆ. ಆಮೇಲೆ ಇಬ್ಬರೂ ಚಕ್ರ ಹತ್ತಿದರಂತೆ.

"ತುದೀಲಿ ಒಂದು ನಿಮಿಷ ನಿಲ್ಲಿಸಿದ್ರು ಡಾಕ್ಟ್ರೇ. ಕಣ್ಣು ಮುಚ್ಚಿಕೊಂಡಿದ್ದು ಅವನು, ನಾನಲ್ಲ!"