ಗಾಜಿಗೆ ಜಾಮೀನು ಕೇಳಿದವರು ಮಗುವಿಗೆ ಜಾಮೀನು ನಿಲ್ಲಲಿ

ಕಳೆದ ತಿಂಗಳ ಒಂದು ಬೆಳಗ್ಗೆ, ನೂಲಿನ ಗಿರಣಿಯಲ್ಲಿ ರಾತ್ರಿ ಪಾಳಿ ಮುಗಿಸಿಕೊಂಡು ತಾಯಿಯೊಬ್ಬರು ನೇರವಾಗಿ ನಮ್ಮ ಕಚೇರಿಗೆ ಬಂದರು. ತಲೆಗೂದಲಿನಲ್ಲಿ ಇನ್ನೂ ಹತ್ತಿಯ ಧೂಳಿತ್ತು. ಒಂದು ಕೈಯಲ್ಲಿ ಮಗಳಿಗೆ ಶಾಲೆಯಲ್ಲಿ ಕೊಟ್ಟ ಟ್ಯಾಬ್, ಇನ್ನೊಂದು ಕೈಯಲ್ಲಿ ನಾಲ್ಕು ಮಡಿಕೆ ಮಾಡಿದ ಕಾಗದ. ಮಗಳು ಒಂಬತ್ತನೆಯ ತರಗತಿ. ಟ್ಯಾಬಿನ ಒಂದು ಆಟದೊಳಗೆ ಯಾವನೋ ಹುಡುಗಿಯ ಹೆಸರಿಟ್ಟುಕೊಂಡು ಪರಿಚಯ ಮಾಡಿಕೊಂಡಿದ್ದಾನೆ. ಹದಿನೈದು ದಿನ ಸಿಹಿ ಮಾತು. ಆಮೇಲೆ ಫೋಟೊ ಕೇಳಿದ. ಫೋಟೊ ಸಿಕ್ಕಿದ ಮರುದಿನದಿಂದ ಬೆದರಿಕೆ. ಹುಡುಗಿ ಊಟ ಬಿಟ್ಟಳು, ಶಾಲೆ ಬಿಟ್ಟಳು, ಬಾಯಿ ಬಿಡಲಿಲ್ಲ.

"ನಾನು ಓದಿದವಳಲ್ಲ ಮೇಷ್ಟ್ರೇ. ಶಾಲೆಯವರು ಕೊಟ್ಟಿದ್ದು, ಒಳ್ಳೇದೇ ಇರ್ತದೆ ಅಂದ್ಕೊಂಡೆ" ಎಂದರು ಆ ತಾಯಿ.

ಅವರು ಮೊದಲು ಹೋದದ್ದು ಶಾಲೆಗೆ. ಅಲ್ಲಿ ಈ ಕಾಗದವನ್ನು ತೋರಿಸಿ, "ನೀವೇ ಸಹಿ ಹಾಕಿದ್ದೀರಲ್ಲಮ್ಮ" ಎಂದು ಕಳಿಸಿದರು. ನಾವು ಕಾಗದವನ್ನು ಬಿಡಿಸಿ ಓದಿದೆವು. ಗಾಜು ಒಡೆದರೆ ಪಾಲಕರು ಹಣ ಕಟ್ಟಬೇಕು. ಕಳೆದುಹೋದರೆ ಪೊಲೀಸರಿಗೆ ದೂರು ಕೊಟ್ಟು ರಸೀತಿ ತರಬೇಕು. ಚಾರ್ಜರ್ ಕೆಟ್ಟರೆ ಪಾಲಕರು. ಅನಗತ್ಯ ಬಳಕೆಯಾದರೆ ಪಾಲಕರು. ಆದರೆ ಮಗುವಿಗೆ ತೊಂದರೆಯಾದರೆ ಯಾರಿಗೆ ಹೇಳಬೇಕು, ಅಪರಿಚಿತರು ಒಳಗೆ ಬಾರದಂತೆ ಬೀಗ ಹಾಕುವವರು ಯಾರು, ಬೀಗ ಮುರಿದರೆ ಉತ್ತರ ಕೊಡುವವರು ಯಾರು? ಒಂದು ಸಾಲೂ ಇಲ್ಲ. ಗಾಜಿಗೆ ಜಾಮೀನು ಬರೆಸಿಕೊಂಡಿದ್ದಾರೆ, ಮಗುವಿಗೆ ಯಾರೂ ಜಾಮೀನು ನಿಂತಿಲ್ಲ.

ದೂರು ಕೊಡಿಸಿದೆವು. ಹುಡುಗಿ ಈಗ ಮತ್ತೆ ಶಾಲೆಗೆ ಹೋಗುತ್ತಿದ್ದಾಳೆ. ಆದರೆ ವಿಷಯ ಒಬ್ಬ ಹುಡುಗಿಯದಲ್ಲ. ಆದ್ದರಿಂದ ಬರೆಯುತ್ತಿದ್ದೇವೆ.

"ತಂದೆತಾಯಿ ನೋಡಿಕೊಳ್ಳಲಿ"

ಈ ಮಾತು ಬಂದಾಗಲೆಲ್ಲ ಎರಡು ಬಗೆಯ ಮಹಾಶಯರು ಎದ್ದು ನಿಲ್ಲುತ್ತಾರೆ. ಒಬ್ಬರು ಹೇಳುತ್ತಾರೆ: "ತಂದೆತಾಯಿ ಪಕ್ಕದಲ್ಲಿ ಕೂತು ನೋಡಿಕೊಳ್ಳಲಿ." ಒಳ್ಳೆಯ ಮಾತು. ರಾತ್ರಿ ಪಾಳಿಯ ತಾಯಿ ಯಾವ ಹೊತ್ತಿನಲ್ಲಿ ಪಕ್ಕ ಕೂರಬೇಕು? ಬೆಳಗ್ಗೆ ಏಳಕ್ಕೆ ಕಿರಾಣಿ ಅಂಗಡಿಯ ಬಾಗಿಲು ತೆಗೆದು ರಾತ್ರಿ ಹತ್ತಕ್ಕೆ ಹಾಕುವ ತಂದೆ ಯಾವ ಗಿರಾಕಿಯನ್ನು ನಿಲ್ಲಿಸಿ ಪಕ್ಕ ಕೂರಬೇಕು? ಈ ಉಪದೇಶ ಬಿಡುವಿದ್ದವರ ಮನೆಗಾಗಿ ಹುಟ್ಟಿದ್ದು. ನಮ್ಮ ಮನೆಗೆ ಬಂದಾಗ ಅದು ಉಪದೇಶವಾಗಿ ಉಳಿಯುವುದಿಲ್ಲ, ಆಪಾದನೆಯಾಗುತ್ತದೆ.

ಇನ್ನೊಬ್ಬರು ಹೇಳುತ್ತಾರೆ: "ಬಡವರ ಮಕ್ಕಳಿಗೆ ಟ್ಯಾಬ್ ಏಕೆ? ವಾಪಸು ತೆಗೆದುಕೊಳ್ಳಿ." ಇದನ್ನು ನಾವು ಇನ್ನೂ ಬಲವಾಗಿ ವಿರೋಧಿಸುತ್ತೇವೆ. 2020 ಮತ್ತು 2021ರಲ್ಲಿ ಶಾಲೆಗಳು ಮುಚ್ಚಿದಾಗ ಉಳ್ಳವರ ಮಕ್ಕಳು ಮನೆಯಲ್ಲೇ ಪಾಠ ಕೇಳಿದರು. ನಮ್ಮ ಮಕ್ಕಳು ಮನೆಗೊಂದು ಫೋನಿಗಾಗಿ ಅಪ್ಪ ಕೆಲಸದಿಂದ ಬರುವುದನ್ನು ಕಾದರು. ಸರಕಾರ ಟ್ಯಾಬ್ ಕೊಡಲಿ, ಇನ್ನೂ ಹೆಚ್ಚು ಕೊಡಲಿ. ಕೊಡುವವನು ಹೊಣೆಯನ್ನೂ ಹೊರಲಿ ಎಂಬುದಷ್ಟೇ ನಮ್ಮ ಮಾತು.

ಇದೇನು ಹೊಸ ನ್ಯಾಯವೇ? ಗಿರಣಿಯ ಗೆಳೆಯರಿಗೆ ಹೇಳಿಕೊಡಬೇಕಾಗಿಲ್ಲ. ಪಟ್ಟಿಗೆ ಸಿಕ್ಕಿ ಕೈ ಹೋದಾಗ "ಕೆಲಸಗಾರ ಎಚ್ಚರ ತಪ್ಪಿದ" ಎಂದು ಮಾಲಿಕರು ಕೈತೊಳೆದುಕೊಳ್ಳುತ್ತಿದ್ದ ಕಾಲವಿತ್ತು. ಯಂತ್ರ ಹೂಡಿದವನೇ ಅದರ ಸುತ್ತ ಬೇಲಿ ಹಾಕಬೇಕೆಂದು 1948ರ ಕಾರ್ಖಾನೆ ಕಾಯಿದೆಯ 21ನೆಯ ಕಲಮು ಬರೆಯಿತು. ಆ ಕಾಯಿದೆಯ ಜಾಗಕ್ಕೆ 2025ರಲ್ಲಿ ಹೊಸ ಸಂಹಿತೆ ಬಂದಿದೆ; ಆದರೆ ಬೇಲಿ ಹಾಕುವ ಹೊಣೆ ಕೆಲಸಗಾರನದು ಎಂದು ಹೇಳುವ ಧೈರ್ಯ ಇಂದಿಗೂ ಯಾರಿಗೂ ಇಲ್ಲ. ಪ್ರಾಯದ ಗಂಡಸಿಗೆ ಬೇಲಿ ಬೇಕು, ಹದಿಮೂರರ ಮಗುವಿಗೆ ಬೇಡವೇ?

ಅಂಗಡಿಯ ಗೆಳೆಯರಿಗೂ ಒಂದು ಪ್ರಶ್ನೆ. ನಿಮ್ಮ ತಕ್ಕಡಿಗೆ, ತೂಕದ ಕಲ್ಲಿಗೆ ಸರಕಾರದ ಮುದ್ರೆ ಬೇಕು. ಮುದ್ರೆ ಇಲ್ಲದಿದ್ದರೆ ಇನ್‌ಸ್ಪೆಕ್ಟರ್ ಬಂದು ದಂಡ ಹಾಕುತ್ತಾನೆ. ಕಾಲು ಕಿಲೊ ಬೇಳೆ ತೂಗುವ ತಕ್ಕಡಿಗೆ ಇಷ್ಟು ಕಾವಲು. ಲಕ್ಷಾಂತರ ಮಕ್ಕಳ ಕೈಗೆ ಹೋಗುವ ಕಂಪನಿಯ ತಂತ್ರಾಂಶಕ್ಕೆ ಯಾರ ಮುದ್ರೆ ಇದೆ?

ಬೀಗ ಹಾಕಿದ್ದೇವೆ ಎನ್ನುವವರಿಗೆ

"ಬೀಗ ಹಾಕಿಯೇ ಕೊಡುತ್ತೇವೆ" ಎನ್ನುವ ಅಧಿಕಾರಿಗಳಿದ್ದಾರೆ. ಕೆಟ್ಟ ತಾಣಗಳು, ಆಟಗಳು ತೆರೆಯದಂತೆ ಕಚೇರಿಯಲ್ಲಿ ಕೂತೇ ಕಟ್ಟಿಹಾಕುವ ತಂತ್ರಾಂಶ ಇರುವುದು ನಿಜ. ಅದು ಬೇಕು, ಆದರೆ ಅದೊಂದೇ ಸಾಲದು. ಅಮೆರಿಕದ ಲಾಸ್ ಏಂಜಲೀಸ್ ನಗರದ ಶಾಲಾ ಆಡಳಿತ 2013ರಲ್ಲಿ ಎಲ್ಲ ವಿದ್ಯಾರ್ಥಿಗಳಿಗೂ ಆಪಲ್ ಕಂಪನಿಯ ಐಪ್ಯಾಡ್ ಕೊಡುವ ಯೋಜನೆ ಹಾಕಿತು. ಒಟ್ಟು ಅಂದಾಜು 100 ಕೋಟಿ ಡಾಲರಿಗೂ ಮೇಲೆ. ಹಂಚಿಕೆ ಶುರುವಾದ ಸ್ವಲ್ಪ ದಿನಗಳಲ್ಲೇ ಸುಮಾರು 300 ವಿದ್ಯಾರ್ಥಿಗಳು ಬೀಗ ಬಿಚ್ಚಿದರು. ದೊಡ್ಡ ವಿದ್ಯೆಯೇನಲ್ಲ, ಶಾಲೆ ಹಾಕಿಕೊಟ್ಟ ವಿವರವನ್ನು ಅಳಿಸಿದರು, ಅಷ್ಟೆ. ಆಡಳಿತದವರು ಗಾಬರಿಯಾಗಿ, ಮನೆಗೆ ಒಯ್ಯಬೇಡಿ ಎಂದರು. 2014ರ ಆಗಸ್ಟ್‌ನಲ್ಲಿ ಆ ಗುತ್ತಿಗೆಯನ್ನೇ ನಿಲ್ಲಿಸಿದರು. ಕೋಟಿಗಟ್ಟಲೆ ಹಣ ಬೀಗಕ್ಕೂ ಪೆಟ್ಟಿಗೆಗೂ ಹೋಯಿತು. ಬೀಗ ಬಿಚ್ಚಿದ ಮಗುವಿನ ಜೊತೆ ಕೂತು ಮಾತನಾಡುವ ಮನುಷ್ಯನ ಲೆಕ್ಕವನ್ನು ಯಾರೂ ಹಾಕಿರಲಿಲ್ಲ.

ಬೇಲಿಯೇ ಹೊಲ ಮೇಯ್ದ ಕಥೆಯೂ ಅದೇ ದೇಶದ್ದು. ಪೆನ್ಸಿಲ್ವೇನಿಯಾದ ಲೋವರ್ ಮೆರಿಯನ್ ಶಾಲಾ ಜಿಲ್ಲೆ ತನ್ನ ಪ್ರೌಢಶಾಲೆಯ ಮಕ್ಕಳಿಗೆ ಲ್ಯಾಪ್‌ಟಾಪ್ ಕೊಟ್ಟಿತ್ತು. ಕಳುವಾದರೆ ಹುಡುಕಲು ಎಂದು ಒಳಗೊಂದು ತಂತ್ರಾಂಶ ಇಟ್ಟಿತ್ತು. ಅದನ್ನು ಚಾಲೂ ಮಾಡಿದರೆ ಲ್ಯಾಪ್‌ಟಾಪಿನ ಕ್ಯಾಮೆರಾ ಆಗಾಗ ತಾನಾಗಿ ಚಿತ್ರ ತೆಗೆಯುತ್ತಿತ್ತು. ಒಬ್ಬ ಹುಡುಗನನ್ನು ಶಾಲೆಯಲ್ಲಿ ಕರೆದು ವಿಚಾರಿಸಿದಾಗ, ಅವನ ಮಲಗುವ ಕೋಣೆಯ ಚಿತ್ರವೇ ಶಾಲೆಯವರ ಬಳಿ ಇದ್ದುದು ಬಯಲಾಯಿತು. 2010ರ ಫೆಬ್ರವರಿಯಲ್ಲಿ ಮೊಕದ್ದಮೆ ಬಿತ್ತು. ವಿಚಾರಣೆ ಮಾಡಿದಾಗ ಸಿಕ್ಕಿದ್ದು ಮಕ್ಕಳ ಮತ್ತು ಅವರ ಪರದೆಯ 50,000ಕ್ಕೂ ಹೆಚ್ಚು ಚಿತ್ರಗಳು. ಅದೇ ವರ್ಷ ಅಕ್ಟೋಬರಿನಲ್ಲಿ ಶಾಲಾ ಜಿಲ್ಲೆ 6,10,000 ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಇದು ಬರೆದಿಡಬೇಕಾದ ಪಾಠ: ಕಾವಲಿನ ಹೆಸರಿನಲ್ಲಿ ಕಿಟಕಿ ತೆರೆದರೆ, ಆ ಕಿಟಕಿಯಿಂದ ಯಾರು ಯಾವಾಗ ನೋಡಿದರು ಎಂಬುದಕ್ಕೆ ಲೆಕ್ಕ ಬೇಕು.

ಪಕ್ಕದ ಮನೆಯಲ್ಲಿ ನಡೆದದ್ದು

ಅಮೆರಿಕದ ಮಾತು ಸಾಕು. ನೆರೆಯ ಆಂಧ್ರಕ್ಕೆ ಬನ್ನಿ. 2022ರ ಜೂನ್‌ನಲ್ಲಿ ಅಲ್ಲಿಯ ಸರಕಾರ ನಮ್ಮ ಬೆಂಗಳೂರಿನ ಬೈಜೂಸ್ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡಿತು. ಆ ಡಿಸೆಂಬರ್ 21ರಿಂದ ಎಂಟನೆಯ ತರಗತಿಯ ಸುಮಾರು 4 ಲಕ್ಷ 60 ಸಾವಿರ ಮಕ್ಕಳಿಗೂ 59 ಸಾವಿರ ಶಿಕ್ಷಕರಿಗೂ ಕಂಪನಿಯ ಪಾಠ ತುಂಬಿದ ಟ್ಯಾಬ್ ಹಂಚಿತು. ಖರ್ಚು 686 ಕೋಟಿ ರೂಪಾಯಿ ಎಂದು ಸರಕಾರವೇ ಹೇಳಿತು. ಪಾಠ ಪುಕ್ಕಟೆ, ಕಂಪನಿಯ ಔದಾರ್ಯ ಎಂದು ಭಾಷಣಗಳಾದವು.

ಅದೇ ಡಿಸೆಂಬರಿನಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಆ ಕಂಪನಿಯ ಮುಖ್ಯಸ್ಥರನ್ನು ವಿಚಾರಣೆಗೆ ಕರೆಯಿತು. ಮಕ್ಕಳ ಮತ್ತು ತಂದೆತಾಯಿಯರ ಫೋನ್ ನಂಬರುಗಳನ್ನು ಕೊಂಡು, ಬೆನ್ನುಬಿದ್ದು ಪಾಠ ಮಾರುತ್ತಿದ್ದಾರೆಂದು ಆಯೋಗದ ಅಧ್ಯಕ್ಷರು ಬಹಿರಂಗವಾಗಿ ಹೇಳಿದರು. ಕಂಪನಿ ಅಲ್ಲಗಳೆಯಿತು. ಸತ್ಯ ಏನೇ ಇರಲಿ, ಒಂದು ಕಡೆ ವಿಚಾರಣೆಗೆ ಕರೆ ಹೋಗಿರುವಾಗ ಇನ್ನೊಂದು ಕಡೆ ಅದೇ ಕಂಪನಿಯ ಸರಕನ್ನು ನಾಲ್ಕೂವರೆ ಲಕ್ಷ ಮಕ್ಕಳ ಕೈಗೆ ಇಟ್ಟರು. 2024ರ ಜುಲೈನಲ್ಲಿ ಕಂಪನಿ ದಿವಾಳಿಯ ಕಟಕಟೆ ಹತ್ತಿತು. ಸಾಲಗಾರರು ಸಾಲುಗಟ್ಟಿದರು. ಅಂಗಡಿಯ ಗೆಳೆಯರೇ, ದಿವಾಳಿಯಾದವನ ಲೆಕ್ಕದ ಪುಸ್ತಕಕ್ಕೂ ಬೆಲೆ ಇರುತ್ತದೆಂದು ನಿಮಗೆ ಗೊತ್ತು. ಯಾವ ಊರಿನ ಯಾವ ಮಗು ಯಾವ ಪಾಠದಲ್ಲಿ ಹಿಂದೆ ಎಂದು ಬರೆದಿಟ್ಟ ಪುಸ್ತಕವಿದ್ದರೆ ಅದು ಯಾರ ಪಾಲಿಗೆ ಹೋಗಬೇಕು? ಒಪ್ಪಂದ ಮಾಡುವ ದಿನವೇ ಕೇಳಬೇಕಾಗಿದ್ದ ಪ್ರಶ್ನೆ ಇದು.

ಸರಕಾರದ ಸ್ವಂತ ಅಂಗಡಿಯೂ ಭದ್ರವಲ್ಲ. ಕೇಂದ್ರ ಶಿಕ್ಷಣ ಇಲಾಖೆಯ 'ದೀಕ್ಷಾ' ತಂತ್ರಾಂಶದ ಕಡತಗಳು ಬೀಗವಿಲ್ಲದೆ ಒಂದು ವರ್ಷಕ್ಕೂ ಮೇಲೆ ತೆರೆದು ಬಿದ್ದಿದ್ದವೆಂದು 2023ರ ಜನವರಿಯಲ್ಲಿ ಬಯಲಾಯಿತು. 10 ಲಕ್ಷಕ್ಕೂ ಹೆಚ್ಚು ಶಿಕ್ಷಕರ ಹೆಸರು, ಫೋನ್ ನಂಬರು. ಸುಮಾರು 6 ಲಕ್ಷ ಮಕ್ಕಳ ಹೆಸರು ಮತ್ತು ಶಾಲೆ. ಅದಕ್ಕೂ ಮೊದಲು, 2022ರ ಮೇ ತಿಂಗಳಲ್ಲಿ, ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 49 ದೇಶಗಳ ಸರಕಾರಗಳು ಶಿಫಾರಸು ಮಾಡಿದ ಪಾಠದ ತಂತ್ರಾಂಶಗಳನ್ನು ಪರೀಕ್ಷಿಸಿತ್ತು. ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳ ಹಕ್ಕಿಗೆ ಅಪಾಯ ತರುವಂತೆ ಮಾಹಿತಿ ಬಳಸುತ್ತಿದ್ದವು.

ಈಗ ನೋಡಿ ಬೀಗ ಯಾವ ಕಡೆಗಿದೆ. ಮಗುವಿನ ಕಡೆಯ ಬಾಗಿಲಿಗೆ ಬೀಗ, ಕಂಪನಿಯ ಕಡೆಯ ಬಾಗಿಲು ತೆರೆದೇ ಇದೆ.

ಕಾಯಿದೆ ಏನನ್ನುತ್ತದೆ

ಕಾಯಿದೆ ಇಲ್ಲದೆ ಇಲ್ಲ. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣಾ ಕಾಯಿದೆಯ 9ನೆಯ ಕಲಮು ಹದಿನೆಂಟು ತುಂಬದ ಮಗುವಿನ ಮಾಹಿತಿಗೆ ತಂದೆತಾಯಿಯ ಒಪ್ಪಿಗೆ ಬೇಕೆನ್ನುತ್ತದೆ. ಮಗುವಿನ ಬೆನ್ನುಹತ್ತಿ ಜಾಹೀರಾತು ತೋರಿಸಬಾರದೆನ್ನುತ್ತದೆ. ತಪ್ಪಿದರೆ 200 ಕೋಟಿ ರೂಪಾಯಿಯವರೆಗೆ ದಂಡ. ಕೇಳಲು ಇಂಪು. ಆದರೆ ನಿಯಮಗಳು ಹೊರಬಂದದ್ದು 2025ರ ನವೆಂಬರಿನಲ್ಲಿ. ಈ ಕಲಮು ಜಾರಿಗೆ ಬರಲು ಅಲ್ಲಿಂದ ಮುಂದೆ 18 ತಿಂಗಳ ಅವಧಿ ಕೊಟ್ಟರು. ಅದರ ಮೇಲೆ, ಓದಿನ ಕೆಲಸಕ್ಕೂ ಮಕ್ಕಳ ಸುರಕ್ಷತೆಗೂ ಎಂದರೆ ಮಗುವಿನ ಚಲನವಲನ ನೋಡಲು ಶಿಕ್ಷಣ ಸಂಸ್ಥೆಗಳಿಗೆ ವಿನಾಯಿತಿ. ಯಾವುದು ಓದಿನ ಕೆಲಸ, ಎಲ್ಲಿ ಅದು ಮುಗಿದು ಕಂಪನಿಯ ವ್ಯಾಪಾರ ಶುರುವಾಗುತ್ತದೆ? ಆ ಗೆರೆಯನ್ನು ಎಳೆಯುವ ಕೆಲಸ ಜನರದು.

ನಮ್ಮ ಬೇಡಿಕೆಗಳು

ಒಂದು: ಟ್ಯಾಬ್ ಹಂಚುವ ಮೊದಲು ಅದರೊಳಗೆ ಯಾವ ಯಾವ ತಂತ್ರಾಂಶವಿದೆ, ಅದು ಮಗುವಿನ ಏನನ್ನು ಬರೆದುಕೊಳ್ಳುತ್ತದೆ, ಯಾರಿಗೆ ಕಳಿಸುತ್ತದೆ ಎಂಬ ಪಟ್ಟಿಯನ್ನು ಸರಳ ಕನ್ನಡದಲ್ಲಿ ಶಾಲೆಯ ಗೋಡೆಗೆ ಹಚ್ಚಬೇಕು.

ಎರಡು: ಜಾಹೀರಾತು, ಅಪರಿಚಿತರೊಡನೆ ಮಾತನಾಡುವ ಆಟ, ಇವು ಶಾಲೆಯ ಟ್ಯಾಬಿನಲ್ಲಿ ಇರಕೂಡದು. ಒಪ್ಪಂದ ಮುಗಿದರೂ, ಕಂಪನಿ ಮುಳುಗಿದರೂ ಮಕ್ಕಳ ಮಾಹಿತಿಯನ್ನು ಅಳಿಸಬೇಕು, ಅಳಿಸಿದ್ದಕ್ಕೆ ಪುರಾವೆ ಕೊಡಬೇಕು.

ಮೂರು: ಕ್ಯಾಮೆರಾವನ್ನಾಗಲಿ ಮೈಕನ್ನಾಗಲಿ ದೂರದಿಂದ ಯಾರೂ ತೆರೆಯಕೂಡದು. ಕಳುವಾದ ಟ್ಯಾಬನ್ನು ಹುಡುಕಬೇಕಾದರೆ ರಿಜಿಸ್ಟರಿನಲ್ಲಿ ಬರೆದು, ಪಾಲಕರಿಗೆ ತಿಳಿಸಿಯೇ ಹುಡುಕಬೇಕು.

ನಾಲ್ಕು: ಪ್ರತಿ ತಾಲ್ಲೂಕಿಗೆ ಬೀಗ ಸರಿಯಿದೆಯೇ ಎಂದು ನೋಡುವ ಒಬ್ಬ ತಂತ್ರಜ್ಞ, ಪ್ರತಿ ಶಾಲೆಗೆ ತರಬೇತಿ ಪಡೆದ ಒಬ್ಬ ಶಿಕ್ಷಕ ಅಥವಾ ಶಿಕ್ಷಕಿ. ನಾವೂ ಶಾಲೆಯಲ್ಲಿ ದುಡಿದು ಬಂದವರು. ಬಿಸಿಯೂಟದ ಲೆಕ್ಕ, ಜನಗಣತಿ, ಚುನಾವಣೆ ಎಲ್ಲ ಹೊತ್ತ ಮೇಷ್ಟರ ತಲೆಯ ಮೇಲೆ ಇದನ್ನೂ ಹೇರಿದರೆ ಕೆಲಸವಾಗದು. ಅದಕ್ಕೆಂದೇ ಪಾಠದ ಅವಧಿ ಇಳಿಸಿಕೊಡಬೇಕು.

ಐದು: ಪಾಲಕರ ಸಹಿಯ ಕಾಗದವನ್ನು ಹೊಸದಾಗಿ ಬರೆಯಬೇಕು. ಗಾಜಿಗೆ ನಾವು ಸಹಿ ಹಾಕುತ್ತೇವೆ, ಮಗುವಿಗೆ ಇಲಾಖೆ ಸಹಿ ಹಾಕಲಿ.

ಅಲ್ಲಿಯವರೆಗೆ ಮನೆಯಲ್ಲಿ

ಬೇಡಿಕೆ ಈಡೇರುವವರೆಗೆ ಕೈಕಟ್ಟಿ ಕೂರಲಾಗದು. ಪಾಠವಿಲ್ಲದಾಗ ಕ್ಯಾಮೆರಾದ ಮೇಲೆ ಒಂದು ಬಿಂದಿ ಅಂಟಿಸಿ. ರಾತ್ರಿ ಟ್ಯಾಬ್ ಮಗುವಿನ ಹಾಸಿಗೆಯಲ್ಲಿ ಬೇಡ, ಅಡುಗೆಮನೆಯ ಗೂಡಿನಲ್ಲಿ ಮಲಗಲಿ. ಎಲ್ಲಕ್ಕಿಂತ ಮುಖ್ಯವಾಗಿ ಮಗುವಿಗೆ ಇಂದೇ ಹೇಳಿ: "ಏನೇ ಆದರೂ ಬಂದು ಹೇಳು. ಹೊಡೆಯುವುದಿಲ್ಲ, ಶಾಲೆ ಬಿಡಿಸುವುದಿಲ್ಲ." ಬೆದರಿಸುವವನ ಬಂಡವಾಳವೆಲ್ಲ ಅಪ್ಪನ ಏಟಿನ ಭಯ. ಆ ಭಯ ಹೋದರೆ ಅವನೇ ದಿವಾಳಿ.

ಬೆದರಿಕೆ ಬಂದರೆ ಹಣ ಕೊಡಬೇಡಿ, ಬಂದ ಸಂದೇಶಗಳನ್ನು ಅಳಿಸಬೇಡಿ, ಅವೇ ಸಾಕ್ಷಿ. ಮಕ್ಕಳ ಸಹಾಯವಾಣಿ 1098, ಸೈಬರ್ ಅಪರಾಧಕ್ಕೆ 1930. ಎರಡಕ್ಕೂ ಹಣವಿಲ್ಲ. ಮಕ್ಕಳನ್ನು ಹೀಗೆ ಬಲೆಗೆ ಬೀಳಿಸುವುದು ಮಾಹಿತಿ ತಂತ್ರಜ್ಞಾನ ಕಾಯಿದೆಯ 67ಬಿ ಕಲಮಿನಲ್ಲೂ 2012ರ ಪೋಕ್ಸೊ ಕಾಯಿದೆಯಲ್ಲೂ ಅಪರಾಧ. ಅಪರಾಧಿ ಅವನು, ನಿಮ್ಮ ಮಗಳಲ್ಲ.

ಗೆಳೆಯರೇ, ನಿಮ್ಮ ಶಾಲೆಯ ಎಸ್‌ಡಿಎಂಸಿಯ ಮುಂದಿನ ಸಭೆಗೆ ಪಾಳಿ ಬದಲಿಸಿಕೊಂಡಾದರೂ, ಅಂಗಡಿಗೆ ಒಂದು ಗಂಟೆ ಬಾಗಿಲು ಹಾಕಿಯಾದರೂ ಹೋಗಿ. ಆ ಸಹಿಯ ಕಾಗದವನ್ನು ಕೈಯಲ್ಲಿ ಹಿಡಿದು ಹೋಗಿ. ಒಂದೇ ಪ್ರಶ್ನೆ ಕೇಳಿ: "ಇದರಲ್ಲಿ ನಮ್ಮ ಮಗುವಿನ ಹೆಸರು ಎಲ್ಲಿದೆ?" ಉತ್ತರ ಬರುವವರೆಗೆ ಕುರ್ಚಿ ಬಿಟ್ಟು ಏಳಬೇಡಿ.