ಬಾಗಿಲು ಒಡೆಯೋ ಮುಂಚೆ ಬೀಗ ನೋಡೋಣ

ಫೈನಲ್ ಇಯರ್ ಪ್ರಾಜೆಕ್ಟ್ ರಿಪೋರ್ಟಿನ ಜೊತೆ ಸಿ.ಡಿ. ಕೊಡಬೇಕು ಅನ್ನೋ ನಿಯಮ ಇನ್ನೂ ಕೆಲವು ಕಡೆ ಉಳಿದಿದೆ. ನಮ್ಮ ಲ್ಯಾಪ್‌ಟಾಪುಗಳಲ್ಲಿ ಡ್ರೈವೇ ಇಲ್ಲ. ಹಾಗಾಗಿ ಲ್ಯಾಬಿನ ಲಿನಕ್ಸ್ ಮಷಿನ್ನೇ ಗತಿ. ಅಲ್ಲಿ 'ಪರ್ಮಿಷನ್ ಡಿನೈಡ್' ಅಂತ ಬಂದರೆ ಸಾಕು, ಹಿಂದಿನಿಂದ ಸಲಹೆ ರೆಡಿ: "ಸುಡೋ ಹಾಕು ಮಗಾ", ಇಲ್ಲಾಂದ್ರೆ "ಸಿಎಚ್‌ಮಾಡ್ 777 ಕೊಡು, ಆಗ್ಬಿಡುತ್ತೆ." ಆಗುತ್ತೆ, ನಿಜ. ಆದರೆ ಅದು ರಿಪೇರಿ ಅಲ್ಲ, ಬಾಗಿಲು ಒಡೆದು ಒಳಗೆ ಹೋಗೋದು ಅನ್ನೋದು ನಮ್ಮ ವಾದ.

ಯುನಿಕ್ಸ್ ಮಾದರಿಯ ವ್ಯವಸ್ಥೆಯಲ್ಲಿ ಡ್ರೈವ್ ಕೂಡ ಒಂದು ಫೈಲ್. ಅದಕ್ಕೊಬ್ಬ ಓನರ್, ಒಂದು ಗ್ರೂಪ್ ಇರುತ್ತಾರೆ. 'ಎಲ್‌ಎಸ್ -ಎಲ್ /ಡೆವ್/ಎಸ್‌ಆರ್0' ಅಂತ ಕೇಳಿದರೆ ಅದೇ ಹೇಳುತ್ತೆ. ಡೆಬಿಯನ್, ಉಬುಂಟುಗಳಲ್ಲಿ ಸಾಮಾನ್ಯವಾಗಿ ಓನರ್ ರೂಟ್, ಗ್ರೂಪ್ ಸಿಡಿರಾಮ್; ಆರ್ಚ್‌ನಲ್ಲಿ ಗ್ರೂಪಿನ ಹೆಸರು ಆಪ್ಟಿಕಲ್. 'ಐಡಿ' ಅಂತ ಕೊಟ್ಟರೆ ನಾವು ಯಾವ ಗ್ರೂಪಿನಲ್ಲಿದ್ದೇವೆ ಅಂತ ಗೊತ್ತಾಗುತ್ತೆ. ಪಟ್ಟಿಯಲ್ಲಿ ಆ ಹೆಸರಿಲ್ಲದಿದ್ದರೆ ಕಾಯಿಲೆ ಸಿಕ್ಕಂತೆಯೇ. ಮದ್ದು: 'ಯೂಸರ್‌ಮಾಡ್ -ಎಜಿ'. ಇದರಲ್ಲಿ ಎ ಸಣ್ಣದು, ಜಿ ದೊಡ್ಡದು. ಎ ಮರೆತರೆ ಮಿಕ್ಕ ಹೆಚ್ಚುವರಿ ಗ್ರೂಪುಗಳಿಂದೆಲ್ಲ ಹೆಸರು ಹಾರಿಹೋಗುತ್ತೆ. ಆಮೇಲೆ ಲಾಗೌಟ್ ಆಗಿ ಮತ್ತೆ ಲಾಗಿನ್ ಆಗಬೇಕು. ಎಷ್ಟೋ ಜನ ಸೋಲೋದು ಇಲ್ಲೇ. ಇನ್ನು 'ಡಿವೈಸ್ ಬ್ಯುಸಿ' ಅಂತ ಬಂದರೆ ಅದು ಪರ್ಮಿಷನ್ ಜಗಳವೇ ಅಲ್ಲ, ಬೇರೆ ಪ್ರೋಗ್ರಾಂ ಡಿಸ್ಕನ್ನು ಹಿಡಿದು ಕೂತಿದೆ ಅಂತ ಅರ್ಥ.

777 ಕೊಟ್ಟರೆ ಏನಾಗುತ್ತೆ? ಆ ಮಷಿನ್ನಿನ ಯಾವ ಅಕೌಂಟ್ ಬೇಕಾದರೂ ಡ್ರೈವಿಗೆ ಬರೆಯಬಹುದು. ಅದೂ ರೀಬೂಟ್ ಆಗೋವರೆಗೆ ಮಾತ್ರ. /ಡೆವ್ ಇರೋದು ಮೆಮೊರಿಯಲ್ಲಿ, ಪ್ರತಿ ಬೂಟ್‌ಗೂ ಕರ್ನೆಲ್ ಮತ್ತು ಯುಡೆವ್ ಸೇರಿ ಅದನ್ನು ಹೊಸದಾಗಿ ಕಟ್ಟುತ್ತವೆ. ನಾಳೆ ಬೆಳಿಗ್ಗೆ ಅದೇ ಎರರ್, ಅದೇ ಸಲಹೆ.

"ಸಬ್‌ಮಿಷನ್ ನಾಳೆ ಇದೆ, ಇದನ್ನೆಲ್ಲ ಓದ್ತಾ ಕೂರೋಕೆ ಟೈಮೆಲ್ಲಿ?" ಅನ್ನಬಹುದು. ಪತ್ತೆಗೆ ಬೇಕಾದ್ದು ಎರಡೇ ಕಮಾಂಡ್. ಸಿ.ಡಿ. ಇನ್ನೆರಡು ವರ್ಷಕ್ಕೆ ಮರೆಯಾಗಬಹುದು, ಅಭ್ಯಾಸ ಮಾತ್ರ ಉಳಿಯುತ್ತೆ. ಆರ್ಡುಯಿನೋ ಬೋರ್ಡಿಗೆ ಕೋಡ್ ಹಾಕುವಾಗ ಬರೋದೂ ಇದೇ ಎರರ್. ಉಬುಂಟುವಿನಲ್ಲಿ ಅಲ್ಲಿನ ಗ್ರೂಪ್ ಡಯಲ್‌ಔಟ್, ಅಷ್ಟೇ ವ್ಯತ್ಯಾಸ. ಅಲ್ಲೂ 777 ಅಂದವರು ಒಂದಿನ ಸರ್ವರ್ ಮೇಲೆ ರೂಟ್ ಫೋಲ್ಡರಿನಿಂದಲೇ 777 ಕೊಡ್ತಾರೆ. ಆಗ ಸುಡೋದ ಸೆಟ್‌ಯುಐಡಿ ಬಿಟ್ ಅಳಿಸಿಹೋಗಿ ಸುಡೋನೇ ಕೆಲಸ ಮಾಡಲ್ಲ.

ಆದ್ದರಿಂದ ನಮ್ಮ ಬೇಡಿಕೆ ಸಣ್ಣದು. ಲ್ಯಾಬಿನ ರೂಟ್ ಪಾಸ್‌ವರ್ಡ್ ಬಾಯಿಂದ ಬಾಯಿಗೆ ಹರಿದಾಡೋದು ನಿಲ್ಲಲಿ. ಒಂದೇ ಮಷಿನ್ನಿನಲ್ಲಿ ಹತ್ತಾರು ಬ್ಯಾಚಿನ ಪ್ರಾಜೆಕ್ಟ್ ಇರುತ್ತೆ; ರೂಟ್ ಆದವರ ಒಂದು ತಪ್ಪು ಕಮಾಂಡ್ ಸಾಕು, ಇನ್ನೊಬ್ಬರ ಆರು ತಿಂಗಳ ಕೆಲಸ ಮಾಯ. ಸೆಮಿಸ್ಟರ್ ಶುರುವಿನಲ್ಲೇ ಬೇಕಾದವರ ಹೆಸರನ್ನು ಬೇಕಾದ ಗ್ರೂಪಿಗೆ ಸೇರಿಸಿಕೊಡಿ ಅಂತ ಲ್ಯಾಬ್ ಇನ್‌ಚಾರ್ಜ್ ಅವರನ್ನು ಕೇಳೋಣ. ನಮಗೆ ಬೇಕಿರೋದು ಒಂದು ಬಾಗಿಲಿನ ಕೀಲಿ, ಇಡೀ ಮನೆಯದ್ದಲ್ಲ.