ಬಣ್ಣದ ಬ್ರೋಷರ್ ನಂಬಿ ಕಾಲೇಜು ಸೇರಿಸಬೇಡಿ!

ನಾನು ಪ್ರಿಂಟಿಂಗ್ ಪ್ರೆಸ್ ನಡೆಸುವವನು. ಓದಿದ್ದು ಪಿಯುಸಿ ಮಾತ್ರ. ಆದರೆ ಕಾಲೇಜುಗಳ ಬ್ರೋಷರ್ ಹೇಗೆ ಹುಟ್ಟುತ್ತದೆಂಬುದನ್ನು ಕಣ್ಣಾರೆ ಕಂಡಿದ್ದೇನೆ. ಒಂದು ಕಾಲೇಜಿನವರು ಇನ್ನೂ ಕಟ್ಟಿರದ ಪ್ರಯೋಗಾಲಯಕ್ಕೆ ಬೇರೆಲ್ಲಿಯದೋ ಫೋಟೋ ತಂದುಕೊಟ್ಟರು. ನಾನೂ ಕಾಸು ಎಣಿಸಿಕೊಂಡು ಅಚ್ಚು ಹಾಕಿದೆ. ಮರುವರ್ಷ ಮಗಳ ಲಗ್ನಪತ್ರಿಕೆಗೆಂದು ಬಂದ ರೈತರೊಬ್ಬರು, ಅದೇ ಬ್ರೋಷರ್ ನಂಬಿ ಮಗನ ಸೀಟಿಗಾಗಿ ಎರಡು ಎಕರೆ ಮಾರಿದ ಕಥೆ ಹೇಳಿದರು. ನಾನು ತಲೆ ತಗ್ಗಿಸಿದೆ.

ಪೋಷಕರೇ, 'ನೂರಕ್ಕೆ ನೂರು ಉದ್ಯೋಗ' ಎಂದು ಅಚ್ಚು ಹಾಕಲು ಪುರಾವೆ ಬೇಕಿಲ್ಲ, ಶಾಯಿ ಇದ್ದರೆ ಸಾಕು! ಪಾಠ ನಡೆಯುವ ದಿನವೇ ಹೋಗಿ. ಪ್ರಯೋಗಾಲಯದ ಬಾಗಿಲು ತೆಗೆಸಿ ನೋಡಿ. ಕೊನೆಯ ವರ್ಷದ ಹುಡುಗರನ್ನು ಮಾತನಾಡಿಸಿ: ಮೇಷ್ಟ್ರುಗಳು ಎಷ್ಟು ಮಂದಿ? ವರ್ಷಪೂರ್ತಿ ಉಳಿಯುತ್ತಾರೆಯೇ? ಸೇರುವ ಕೋರ್ಸಿಗೆ ಮಾನ್ಯತೆ ಇದೆಯೇ ಎಂದು ವಿಶ್ವವಿದ್ಯಾಲಯದಲ್ಲೇ ವಿಚಾರಿಸಿ. ಕೊಟ್ಟ ಪ್ರತಿ ರೂಪಾಯಿಗೂ ರಸೀದಿ ಕೇಳಿ. ಮೂಲ ಅಂಕಪಟ್ಟಿಯನ್ನು ಕಾಲೇಜು ಹಿಡಿದಿಟ್ಟುಕೊಳ್ಳಬಾರದೆಂದು ಯುಜಿಸಿ 2018ರಲ್ಲೇ ಹೇಳಿದೆ, ನೆನಪಿರಲಿ.

ವಿದ್ಯಾರ್ಥಿಗಳೇ, ಬ್ರೋಷರ್ ಹೇಳದ ಮಾತೊಂದಿದೆ. ಸಿಇಟಿಯ ಸರ್ಕಾರಿ ಸೀಟುಗಳಲ್ಲಿ, ಒಂದರಿಂದ ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5, ಗ್ರಾಮೀಣ ಶಾಲೆಗಳಲ್ಲಿ ಓದಿದವರಿಗೆ ಶೇ. 15 ಮೀಸಲಾತಿ ಇದೆ. ಇದು ಯಾರ ಭಿಕ್ಷೆಯೂ ಅಲ್ಲ, ನಿಮ್ಮ ಹಕ್ಕು! ಶಾಲೆಯ ವ್ಯಾಸಂಗ ದಾಖಲೆ ಈಗಲೇ ಸರಿಮಾಡಿಡಿ. ಅಪ್ಪ ಹೊಲ ಮಾರಿ ಸೀಟು ಕೊಳ್ಳುವ ಮೊದಲು ನಿಮ್ಮ ಪಾಲಿನ ಸೀಟು ಕೇಳಿ.

ಅಚ್ಚಾದದ್ದೆಲ್ಲ ಸತ್ಯವಲ್ಲ. ಅಚ್ಚು ಹಾಕುವವನೇ ಹೇಳುತ್ತಿದ್ದೇನೆ!